ಆ ದುಡ್ಡು ಯಾವಾಗ ಬೇಕು?

ಸೆಪ್ಟೆಂಬರ್ 2024ರಲ್ಲಿ ಸೆನ್ಸೆಕ್ಸ್ 85 ಸಾವಿರ ದಾಟಿದಾಗ ಈ ಅಂಕಣಕ್ಕೆ ಬರುತ್ತಿದ್ದ ಪತ್ರಗಳೆಲ್ಲ ಒಂದೇ ಥರ ಇದ್ದವು: ಯಾವ ಷೇರು ತಗೊಳ್ಳಲಿ? ಏಪ್ರಿಲ್ 7, 2025ರಂದು ಅಮೆರಿಕದ ಸುಂಕದ ಗಲಾಟೆಗೆ ಒಂದೇ ದಿನ 2,200 ಅಂಕ ಬಿದ್ದು 73 ಸಾವಿರದ ಹತ್ತಿರ ನಿಂತಿತಲ್ಲ, ಆ ವಾರದಿಂದ ಪತ್ರಗಳ ದನಿಯೇ ಬದಲಾಗಿದೆ. ಇದನ್ನು ಬರೆಯುತ್ತಿರುವುದು 2025ರ ಮೇ ತಿಂಗಳಲ್ಲಿ. ಮಾರುಕಟ್ಟೆ ಸುಮಾರಾಗಿ ಮೇಲೆ ಬಂದಿದೆ, ಬರೆದವರ ಎದೆಬಡಿತ ಮಾತ್ರ ಇನ್ನೂ ಇಳಿದ ಹಾಗಿಲ್ಲ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಎಷ್ಟು ದುಡ್ಡಿದೆ, ಎಲ್ಲಿ ಹಾಕಿದ್ದೇವೆ, ಎಷ್ಟು ಹೋಯಿತು ಎಲ್ಲವನ್ನೂ ಬರೆಯುತ್ತೀರಿ. ಯಾವಾಗ ಬೇಕು ಎನ್ನುವುದು ಮಾತ್ರ ಇರುವುದಿಲ್ಲ. ಇದ್ದರೂ ಕೊನೇ ಸಾಲಿನಲ್ಲಿ, ಈಗ ನೆನಪಾಯ್ತು ಅನ್ನೋ ಹಾಗೆ. ನಾನು ಮೊದಲು ಹುಡುಕುವುದು ಆ ಸಾಲನ್ನೇ.

ಪ್ರಶ್ನೆ: ಸರ್, ಊರು ಹುಬ್ಬಳ್ಳಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 29. ಜನವರಿ 2024ರಿಂದ ತಿಂಗಳಿಗೆ 15 ಸಾವಿರದಂತೆ ಎರಡು ಸ್ಮಾಲ್ ಕ್ಯಾಪ್ ಫಂಡ್‌ಗಳಲ್ಲಿ ಎಸ್‌ಐಪಿ ಕಟ್ಟುತ್ತಿದ್ದೇನೆ. ಹಾಕಿದ್ದು 2.40 ಲಕ್ಷ, ಆಪ್ ತೋರಿಸುತ್ತಿರುವುದು 2.21 ಲಕ್ಷ. ಎಲ್ಲ ತೆಗೆದು ಎಫ್‌ಡಿ ಮಾಡು ಎಂದು ಅಪ್ಪ ದಿನಾ ಫೋನ್ ಮಾಡುತ್ತಾರೆ. ಆಫೀಸಿನಲ್ಲಿ ನೋಡಿದರೆ, ಬಿದ್ದಾಗ ಎಸ್‌ಐಪಿ ನಿಲ್ಲಿಸುವವನು ದಡ್ಡ ಎನ್ನುತ್ತಾರೆ. ಯಾರ ಮಾತು ಕೇಳಲಿ? ಅಂದ ಹಾಗೆ, ಮುಂದಿನ ಫೆಬ್ರವರಿಯಲ್ಲಿ ನನ್ನ ಮದುವೆ. ಈ ದುಡ್ಡು ಅದಕ್ಕೇ.

ಉತ್ತರ: ‘ಅಂದ ಹಾಗೆ’ ಎಂದು ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ.

ಎಸ್‌ಐಪಿ ನಿಲ್ಲಿಸಬೇಡಿ ಎನ್ನುವ ನಿಮ್ಮ ಆಫೀಸಿನವರ ಮಾತು ತಪ್ಪಲ್ಲ. ಹತ್ತು ಹದಿನೈದು ವರ್ಷ ಮುಟ್ಟಬೇಕಾಗಿಲ್ಲದ ದುಡ್ಡಿಗೆ ಅದು ಸರಿಯಾದ ಮಾತು. ನಿಮ್ಮದು ಒಂಬತ್ತು ತಿಂಗಳ ದುಡ್ಡು. ಅದನ್ನು ಸ್ಮಾಲ್ ಕ್ಯಾಪ್‌ನಲ್ಲಿ, ಅಂದರೆ ಸಣ್ಣ ಕಂಪನಿಗಳ ಷೇರಿನಲ್ಲಿ, ಬೀಳುವಾಗ ಎಲ್ಲರಿಗಿಂತ ಜೋರಾಗಿ ಬೀಳುವ ಕಡೆ ಇಟ್ಟಿದ್ದೀರಿ. ಹಾಗಾಗಿ ಈ ಸಲ ನಾನು ನಿಮ್ಮ ಅಪ್ಪನ ಪಕ್ಷ. ತೆಗೆಯಿರಿ. ನೀವು ಪತ್ರ ಬರೆದಾಗ 19 ಸಾವಿರ ನಷ್ಟ ಇತ್ತು, ಈಗ ಅದು ಸ್ವಲ್ಪ ಕಡಿಮೆ ಆಗಿರಲೂಬಹುದು. ಒಂದು ವರ್ಷ ತುಂಬದ ಯೂನಿಟ್‌ಗಳಿಗೆ ಸಾಮಾನ್ಯವಾಗಿ ಶೇ 1ರಷ್ಟು ಎಕ್ಸಿಟ್ ಲೋಡ್, ಅಂದರೆ ಬೇಗ ತೆಗೆದದ್ದಕ್ಕೆ ಶುಲ್ಕ, ಹಿಡಿಯುತ್ತಾರೆ, ಹೋಗಲಿ ಬಿಡಿ. ಇನ್ನೊಂದು ನಾಲ್ಕು ತಿಂಗಳು ನೋಡೋಣ, ಅಸಲು ಬರಲಿ, ಆಮೇಲೆ ತೆಗೆಯೋಣ ಎಂದು ಮನಸ್ಸು ಎಳೆಯುತ್ತದೆ, ಅದು ಸಹಜ. ಆದರೆ ಅಸಲು ಬರುವ ತಿಂಗಳು ಯಾವುದೆಂದು ಮಾರುಕಟ್ಟೆ ಯಾರಿಗೂ ಹೇಳಿ ಬರುವುದಿಲ್ಲ, ಛತ್ರದವರು ಅಡ್ವಾನ್ಸ್ ಕೇಳುವ ತಿಂಗಳು ಮಾತ್ರ ನಿಮಗೆ ಈಗಲೇ ಗೊತ್ತು.

ಎರಡು ಲೆಕ್ಕ ನೋಡಿ. ಜನವರಿ 2008ರಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತು, ಮಾರ್ಚ್ 2009ರ ಹೊತ್ತಿಗೆ 8 ಸಾವಿರದ ಆಸುಪಾಸು. ಮತ್ತೆ 21 ಸಾವಿರ ಕಂಡಿದ್ದು ನವೆಂಬರ್ 2010ರ ದೀಪಾವಳಿಗೆ. ಹತ್ತಿರ ಹತ್ತಿರ ಮೂರು ವರ್ಷ. ಇನ್ನೊಂದು ಕಡೆ, ಮಾರ್ಚ್ 23, 2020ರಂದು ಕೊರೊನಾ ಭಯಕ್ಕೆ ಒಂದೇ ದಿನ ಶೇ 13 ಬಿದ್ದು 26 ಸಾವಿರಕ್ಕೆ ಬಂದಿದ್ದ ಅದೇ ಸೆನ್ಸೆಕ್ಸ್ ಮುಂದಿನ ಜನವರಿಯಲ್ಲೇ 50 ಸಾವಿರ ದಾಟಿತು. ಈ ಸಲದ್ದು 2008ರ ಥರವೋ 2020ರ ಥರವೋ? ಟಿವಿಯಲ್ಲಿ ಕೂತು ಹೇಳುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದೇ ಇದ್ದಾಗ ಮದುವೆ ದುಡ್ಡನ್ನು ಅಲ್ಲಿ ಬಿಡುವುದು ಬೇಡ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 2008ರಲ್ಲಿ ನಾನೇ ಬ್ಯಾಂಕ್ ನೌಕರ, ಬೇರೆಯವರಿಗೆ ಬುದ್ಧಿ ಹೇಳುವ ಕುರ್ಚಿಯಲ್ಲಿ ಕೂತವನು. ಮಗಳ ಇಂಜಿನಿಯರಿಂಗ್ ಫೀಸು, ಹಾಸ್ಟೆಲ್ ಎಂದು ಎತ್ತಿಟ್ಟಿದ್ದ 2 ಲಕ್ಷ ರೂಪಾಯಿ ಸುಮ್ನೆ ಎಸ್‌ಬಿ ಖಾತೆಯಲ್ಲಿ ಕೊಳೆಯುತ್ತಿದೆ ಅನ್ನಿಸಿ ಆ ಜನವರಿಯಲ್ಲಿ ಷೇರಿಗೆ ಹಾಕಿದೆ. ಆರು ತಿಂಗಳಲ್ಲಿ 20 ಸಾವಿರ ಜಾಸ್ತಿ ಮಾಡಿ ತೆಗೆಯುವ ಪ್ಲಾನು. ಆಗಸ್ಟ್‌ನಲ್ಲಿ ಫೀಸು ಕಟ್ಟುವ ಹಿಂದಿನ ವಾರ ಮಾರಿದಾಗ ಕೈಗೆ ಬಂದದ್ದು 1 ಲಕ್ಷ 18 ಸಾವಿರ. ಉಳಿದದ್ದಕ್ಕೆ ಹೆಂಡತಿಯ ಎರಡೆಳೆ ಸರ ನಮ್ಮದೇ ಬ್ರಾಂಚಿನಲ್ಲಿ ಅಡವಿಟ್ಟೆ, ಸಹೋದ್ಯೋಗಿಯೇ ತೂಕ ಹಾಕಿಸಿದ. ಅವಳು ಏನೂ ಅನ್ನಲಿಲ್ಲ. ಆ ಸಾಲದ ಚೀಟಿಯನ್ನು ಮಡಚಿ ದೇವರ ಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು, ಹದಿನಾಲ್ಕು ತಿಂಗಳು ಅದು ಅಲ್ಲೇ ಇತ್ತು. ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ದೇವರಿಗಿಂತ ಮೊದಲು ನನಗೆ ಕಾಣಿಸುತ್ತಿದ್ದದ್ದು ಅದೇ. ಮಾರುಕಟ್ಟೆ ಆಮೇಲೆ ಮೇಲೆ ಬಂತು ನಿಜ. ಅಷ್ಟರಲ್ಲಿ ಮಗಳು ಐದನೇ ಸೆಮಿಸ್ಟರಿನಲ್ಲಿದ್ದಳು.

ಮದುವೆ ದುಡ್ಡನ್ನು ಎಫ್‌ಡಿಗೆ ಹಾಕಿ, ಈಗಿನಿಂದ ಫೆಬ್ರವರಿವರೆಗೆ ತಿಂಗಳಿಗೆ 12 ಸಾವಿರ ಅಲ್ಲಿಗೇ ಹೋಗಲಿ. ಉಳಿದ 3 ಸಾವಿರದ ಎಸ್‌ಐಪಿ ಮಾತ್ರ ಮುಂದುವರಿಸಿ, ಅದೂ ಸ್ಮಾಲ್ ಕ್ಯಾಪ್ ಬಿಟ್ಟು ಒಂದು ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದರೆ ನಿಫ್ಟಿ ಪಟ್ಟಿಯ ದೊಡ್ಡ ಕಂಪನಿಗಳ ಷೇರನ್ನಷ್ಟೇ ಕೊಳ್ಳುವ ಫಂಡಿಗೆ. ಮದುವೆ ಮುಗಿದ ಮೇಲೆ ಅದನ್ನು ಮತ್ತೆ 15ಕ್ಕೆ ಏರಿಸಿ, ಆಗ ಬಿದ್ದರೆ ಅಪ್ಪನ ಫೋನ್ ಎತ್ತಬೇಡಿ.

ಪ್ರಶ್ನೆ: ನಾನು 61 ವರ್ಷದ ಹೆಂಗಸು, ದಾವಣಗೆರೆ. ಖಾಸಗಿ ಕಾಲೇಜಿನ ಆಫೀಸಿನಲ್ಲಿದ್ದು ನಿವೃತ್ತಿಯಾದೆ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ 32 ಲಕ್ಷ ಬಂತು. ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ತಂಗಿಯ ಮಗ ಇನ್ಶೂರೆನ್ಸ್ ಮಾಡಿಸುತ್ತಾನೆ, ಷೇರಿನ ಲಾಭವೂ ಇದೆ ವಿಮೆಯೂ ಇದೆ ದೊಡ್ಡಮ್ಮ ಎಂದು 4 ಲಕ್ಷದ ಚೆಕ್ ತಗೊಂಡ. ಪಾಲಿಸಿ ಬಂದು 12 ದಿನ ಆಯಿತು. ವರ್ಷಾ ವರ್ಷಾ 4 ಲಕ್ಷ ಕಟ್ಟಬೇಕಂತೆ, ಐದು ವರ್ಷ ತೆಗೆಯುವ ಹಾಗಿಲ್ಲವಂತೆ. ಉಳಿದದ್ದನ್ನು ನಮ್ಮ ಬಡಾವಣೆಯ ಸೌಹಾರ್ದದಲ್ಲಿ ಇಡಬೇಕೆಂದಿದ್ದೇನೆ, ಹತ್ತೂವರೆ ಪರ್ಸೆಂಟ್ ಕೊಡುತ್ತಾರೆ. ಸರಿ ತಾನೆ?

ಉತ್ತರ: ಅಮ್ಮಾ, ಪತ್ರಿಕೆ ಅಚ್ಚಾಗಿ ಬರುವಷ್ಟು ಹೊತ್ತು ನಿಮಗಿರಲಿಲ್ಲ, ಅದಕ್ಕೇ ಮೊದಲೇ ಫೋನ್ ಮಾಡಿದ್ದು. ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಪಾಲಿಸಿ ಕೈಗೆ ಬಂದ 30 ದಿನದ ಒಳಗೆ ‘ನನಗೆ ಇದು ಬೇಡ’ ಎಂದು ವಾಪಸ್ ಕೊಡುವ ಹಕ್ಕು ನಿಮಗಿದೆ. ಅದಕ್ಕೆ ಫ್ರೀ ಲುಕ್ ಎನ್ನುತ್ತಾರೆ. ಕಾರಣ ಬರೆದು, ಕಂಪನಿಯ ಶಾಖೆಗೆ ನೀವೇ ಹೋಗಿ ಅರ್ಜಿ ಕೊಡಿ, ಸೀಲು ಹಾಕಿದ ನಕಲು ಇಸಿದುಕೊಳ್ಳಿ. ತಂಗಿಯ ಮಗನ ಕೈಲಿ ಕಳಿಸಬೇಡಿ, ಅವನ ಕಮಿಷನ್ ಹೋಗುವ ಕಾಗದ ಅದು. ಸ್ಟಾಂಪ್ ಖರ್ಚು, ಅಷ್ಟು ದಿನದ ವಿಮೆಯ ಖರ್ಚು ಅಂತ ಸ್ವಲ್ಪ ಹಿಡಿಯುತ್ತಾರೆ, ಷೇರಿಗೆ ಹೋದ ಭಾಗದ ಬೆಲೆ ಅಷ್ಟರಲ್ಲಿ ಇಳಿದಿದ್ದರೆ ಅದೂ ಕಡಿಮೆಯಾಗುತ್ತದೆ. ಆದರೂ ಬಹುಪಾಲು ವಾಪಸ್ ಬರುತ್ತದೆ. ದುಡಿಮೆ ನಿಂತ ಮೇಲೆ ವರ್ಷಕ್ಕೆ 4 ಲಕ್ಷ ಎಲ್ಲಿಂದ ಕಟ್ಟುತ್ತೀರಿ ಎಂದು ಆ ಹುಡುಗ ಒಂದು ಸಲವಾದರೂ ಕೇಳಬೇಕಿತ್ತು, ಅಲ್ವಾ? ಹಬ್ಬಕ್ಕೆ ಬಂದಾಗ ಅವನಿಗೆ ಹೋಳಿಗೆ ಹಾಕಿ, ಚೆಕ್ ಬುಕ್ ಒಳಗಿಡಿ.

ಇನ್ನು ಸೌಹಾರ್ದ. ನಿಮ್ಮ ಬಡಾವಣೆಯವರು ಒಳ್ಳೆಯವರೇ ಇರಬಹುದು. ಆದರೆ ಬ್ಯಾಂಕ್ ಬೇರೆ, ಸೌಹಾರ್ದ ಸಹಕಾರಿ ಬೇರೆ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ, ಸಹಕಾರಿ ಸೊಸೈಟಿಗಳಿಗೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಒಂದೇ ಥರ ಇರುವುದರಿಂದ ಜನರಿಗೆ ಗೊತ್ತೇ ಆಗುವುದಿಲ್ಲ. ಈ ವಿಮೆ ಕೊಡುವ ಡಿಐಸಿಜಿಸಿ ಎನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಮನೆಯ ಹುಡುಗರ ಹತ್ತಿರ ನೋಡಿಸಿ. ಜನವರಿ 2020ರಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35 ಸಾವಿರಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಎಂದಾಗ ಅಲ್ಲಿ ಸಾಲು ನಿಂತವರಲ್ಲಿ ಎಷ್ಟೋ ಜನ ನಿಮ್ಮ ಹಾಗೇ ನಿವೃತ್ತರು. ಆಗ ವಿಮೆ ಇದ್ದದ್ದು ಬರೀ 1 ಲಕ್ಷಕ್ಕೆ, 5 ಲಕ್ಷ ಆದದ್ದು ಅದರ ಮುಂದಿನ ತಿಂಗಳು. ಬೇರೆಯವರಿಗಿಂತ ಎರಡು ಮೂರು ಪರ್ಸೆಂಟ್ ಜಾಸ್ತಿ ಕೊಡುವವರು ಆ ದುಡ್ಡನ್ನು ಇನ್ನೂ ಜಾಸ್ತಿ ಬಡ್ಡಿಗೆ ಯಾರಿಗೋ ಕೊಟ್ಟಿರಲೇಬೇಕು. ಆ ಯಾರೋ ಯಾರು ಎನ್ನುವುದು ನಿಮಗೆ ಗೊತ್ತಿಲ್ಲ.

ಹಾಗಾದರೆ ಎಲ್ಲಿ? ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 20 ಲಕ್ಷ ಇಡಿ. 2025ರ ಮೇನಲ್ಲಿ ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 41 ಸಾವಿರ ನಿಮ್ಮ ಖಾತೆಗೆ ಬರುತ್ತದೆ. ಐದು ವರ್ಷ ಆ ದರ ಬದಲಾಗುವುದಿಲ್ಲ, ಹೊರಗೆ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿದರೂ. 2025ರ ಫೆಬ್ರವರಿಯಿಂದ ಇಳಿಸಿದ್ದೂ ಇದೆ, ಹಾಗಾಗಿ ತಡ ಬೇಡ. ಅದೇ ಅಂಚೆ ಕಚೇರಿಯ ತಿಂಗಳ ಆದಾಯ ಯೋಜನೆಯಲ್ಲಿ 5 ಲಕ್ಷ, ಶೇ 7.4ರಂತೆ ತಿಂಗಳಿಗೆ 3,083 ರೂಪಾಯಿ. ಮಿಕ್ಕ 3 ಲಕ್ಷ ದೊಡ್ಡ ಬ್ಯಾಂಕೊಂದರಲ್ಲಿ ಮೂರು ಬೇರೆ ಬೇರೆ ಎಫ್‌ಡಿ, ಒಂದೊಂದು ಲಕ್ಷದ್ದು. ಆಸ್ಪತ್ರೆ ಗೀಸ್ಪತ್ರೆ ಅಂತ ಬಂದರೆ ಒಂದನ್ನು ಮುರಿದರೆ ಸಾಕು, ಮೂರನ್ನೂ ಮುರಿಯಬೇಕಾಗಿಲ್ಲ. ವಾಪಸ್ ಬರುವ ಪಾಲಿಸಿ ದುಡ್ಡಿನ ಬಗ್ಗೆ ಆಮೇಲೆ ಮಾತಾಡೋಣ. ಷೇರಿನ ಆಸೆ ಇದ್ದರೆ ಅದರಲ್ಲಿ ಒಂದು ಲಕ್ಷ, ಜಾಸ್ತಿ ಬೇಡ. ಎಲ್ಲದಕ್ಕೂ ನಾಮಿನಿ ಬರೆಸಿ.

ಪ್ರಶ್ನೆ: ಮೂಡಿಗೆರೆ ಕಡೆ ಎಂಟು ಎಕರೆ ಕಾಫಿ ತೋಟ. ಈ ವರ್ಷ ಬೆಲೆ ಚೆನ್ನಾಗಿ ಸಿಕ್ಕಿ 15 ಲಕ್ಷ ಉಳಿದಿದೆ. ಮಾರುಕಟ್ಟೆ ಬಿದ್ದಿರುವಾಗಲೇ ಒಟ್ಟಿಗೆ ಹಾಕಿಬಿಟ್ಟರೆ ಲಾಭ ಎನ್ನುತ್ತಾರೆ. ಹಾಕಲಾ?

ಉತ್ತರ: ಬೆಲೆ ಏರಿಳಿತದ ಬಗ್ಗೆ ನಾನು ನಿಮಗೆ ಹೇಳಿಕೊಡುವುದೇನಿದೆ? 2001-02ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದ್ದು, ಕೊಯ್ಲಿನ ಕೂಲಿಯೂ ಗಿಟ್ಟದೆ ಎಷ್ಟೋ ತೋಟದವರು ಸಾಲದಲ್ಲಿ ಮುಳುಗಿದ್ದು ನಿಮ್ಮ ಮನೆಯಲ್ಲೂ ನೆನಪಿರಬೇಕು. ನಿಮ್ಮ ಸಂಬಳವೇ ಒಂದು ಮಾರುಕಟ್ಟೆ. ಹೂಮಳೆ ತಪ್ಪಿದರೆ, ಕಾಂಡಕೊರಕ ಬಂದರೆ, ಬ್ರೆಜಿಲ್‌ನಲ್ಲಿ ಬೆಳೆ ಜಾಸ್ತಿ ಆದರೆ ಅದು ಅಲ್ಲಾಡುತ್ತದೆ. ಹಾಗಿರುವವರು ಉಳಿದ ದುಡ್ಡನ್ನೂ ಪೂರ್ತಿ ಇನ್ನೊಂದು ಮಾರುಕಟ್ಟೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮೊದಲು ಕೈಸಾಲ, ಗೊಬ್ಬರದ ಅಂಗಡಿ ಬಾಕಿ ತೀರಿಸಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲವಿದ್ದರೆ ಅದಕ್ಕೆ ಅವಸರ ಬೇಡ, ಗಡುವು ಮಾತ್ರ ತಪ್ಪಿಸಬೇಡಿ, ತಪ್ಪಿದರೆ ಬಡ್ಡಿ ಬೀಳುತ್ತದೆ. ಮುಂದಿನ ಒಂದು ವರ್ಷದ ಆಳುಗಳ ಕೂಲಿ, ಗೊಬ್ಬರ, ಮನೆ ಖರ್ಚು ಲೆಕ್ಕ ಹಾಕಿ ಅಷ್ಟನ್ನು ಬ್ಯಾಂಕಿನಲ್ಲಿಡಿ. ಇಷ್ಟಾದ ಮೇಲೆ ಏನು ಉಳಿಯುತ್ತದೋ, ನನ್ನ ಅಂದಾಜು 6 ಲಕ್ಷ, ಅದನ್ನು ಲಿಕ್ವಿಡ್ ಫಂಡಿಗೆ (ಏರಿಳಿತ ಕಡಿಮೆ, ಬೇಕಾದಾಗ ತೆಗೆಯಬಹುದು) ಹಾಕಿ ತಿಂಗಳಿಗೆ 50 ಸಾವಿರದಂತೆ ಒಂದು ವರ್ಷ ಇಂಡೆಕ್ಸ್ ಫಂಡಿಗೆ ಹೋಗುವ ಹಾಗೆ ಬರೆಸಿ. ಬಿದ್ದಾಗಲೇ ಹಾಕಬೇಕು ಎನ್ನುವವರಿಗೆ ತಳ ಯಾವುದೆಂದು ಗೊತ್ತಿದ್ದರೆ ಅವರು ನಿಮಗೆ ಹೇಳುತ್ತಾ ಕೂರುತ್ತಿರಲಿಲ್ಲ. ಏಳೆಂಟು ವರ್ಷ ಅದನ್ನು ಮರೆಯಬೇಕು. ಇನ್ನೊಂದು ವಿಷಯ, ತೋಟದ ಆದಾಯಕ್ಕೆ ತೆರಿಗೆ ಇಲ್ಲವೆಂದು ಇದಕ್ಕೂ ಇಲ್ಲ ಎಂದುಕೊಳ್ಳಬೇಡಿ. ವರ್ಷ ದಾಟಿ ಮಾರಿದರೆ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5 ತೆರಿಗೆ ಇದೆ.

ಪ್ರಶ್ನೆ: ಮೈಸೂರು. ನನ್ನ ಗಂಡ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಎರಡು ವರ್ಷದಿಂದ ಆಪ್ಷನ್ಸ್ ಮಾಡುತ್ತಾರೆ. ಇನ್ವೆಸ್ಟ್‌ಮೆಂಟ್ ಎನ್ನುತ್ತಾರೆ. 6 ಲಕ್ಷದ ಮೇಲೆ ಹೋಗಿದೆ, ಅದರಲ್ಲಿ 4 ಲಕ್ಷ ಪರ್ಸನಲ್ ಲೋನ್ ಎಂದು ಮೊನ್ನೆ ಗೊತ್ತಾಯಿತು. ಟೆಲಿಗ್ರಾಂ ಗುಂಪಿನ ಒಬ್ಬ ‘ಸರ್’ ಹೇಳಿದ ಹಾಗೆ ಮಾಡಿದರೆ ಹೋದದ್ದೆಲ್ಲ ಬರುತ್ತದಂತೆ. ಏನು ಮಾಡಲಿ?

ಉತ್ತರ: ಅಕ್ಕಾ, ಆಪ್ಷನ್ಸ್ ಎಂದರೆ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ದುಡ್ಡು ಕಟ್ಟುವುದು, ಇದು ಇನ್ವೆಸ್ಟ್‌ಮೆಂಟ್ ಅಲ್ಲವೇ ಅಲ್ಲ. ಷೇರುಪೇಟೆಯ ನಿಯಂತ್ರಣ ಮಾಡುವ ಸೆಬಿ 2024ರಲ್ಲಿ ಲೆಕ್ಕ ತೆಗೆದಾಗ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ನೂರು ಜನ ಸಾಮಾನ್ಯರಲ್ಲಿ 93 ಜನ ಕಳೆದುಕೊಂಡಿದ್ದರು. ಎಲ್ಲರದ್ದೂ ಸೇರಿ 1.8 ಲಕ್ಷ ಕೋಟಿ ರೂಪಾಯಿ. ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಮೇಲೂ ಬಿಡಲಿಲ್ಲ ಎನ್ನುವುದೂ ಅದೇ ವರದಿಯಲ್ಲಿದೆ. ನಿಮ್ಮವರು ದಡ್ಡರು ಎಂದು ನಾನು ಹೇಳುತ್ತಿಲ್ಲ, ಆ ಸಾಲು ಬಹಳ ಉದ್ದ ಇದೆ.

ಬಯ್ಯುವುದರಿಂದ ಉಪಯೋಗವಿಲ್ಲ. ಬಯ್ದರೆ ಮುಂದಿನ ಸಾಲ ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಭಾನುವಾರ ಇಬ್ಬರೂ ಕೂತು, ಬ್ರೋಕರ್ ಆಪ್‌ನಿಂದ ಲಾಭ ನಷ್ಟದ ವರದಿ ತೆಗೆದು ಎರಡು ವರ್ಷದ್ದನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಬ್ರೋಕರೇಜ್, ತೆರಿಗೆ ಎಲ್ಲ ಸೇರಿಸಿ. ಗೆದ್ದ ದಿನಗಳ ಸ್ಕ್ರೀನ್‌ಶಾಟ್ ಮಾತ್ರ ನೆನಪಿಟ್ಟುಕೊಂಡವರಿಗೆ ಆ ಮೊತ್ತ ನೋಡಿದಾಗ ಗಂಟಲು ಕಟ್ಟುತ್ತದೆ. ಆಮೇಲೆ ಅದೇ ಆಪ್‌ನಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್, ಆಪ್ಷನ್ಸ್) ವಿಭಾಗವನ್ನೇ ಬಂದ್ ಮಾಡಿಸಿ, ಆ ಸೌಲಭ್ಯ ಇದೆ. ಟೆಲಿಗ್ರಾಂ ‘ಸರ್’ ಸೆಬಿಯಲ್ಲಿ ನೋಂದಾಯಿಸಿದವರಾ, ನೋಂದಣಿ ಸಂಖ್ಯೆ ಏನು ಎಂದು ಕೇಳಿಸಿ. ಸಾಮಾನ್ಯವಾಗಿ ಅಷ್ಟಕ್ಕೇ ಗುಂಪಿನಿಂದ ಹೊರಗೆ ಹಾಕುತ್ತಾರೆ, ಒಳ್ಳೆಯದೇ ಆಯಿತು. ಮನೆಯಲ್ಲಿರುವ ಬೇರೆ ಯಾವ ಉಳಿತಾಯಕ್ಕಿಂತಲೂ ಮೊದಲು ಆ ಪರ್ಸನಲ್ ಲೋನ್ ತೀರಲಿ.

ಬಿಡಲು ಆಗುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಅದು ದುಡ್ಡಿನ ಸಮಸ್ಯೆ ಮಾತ್ರ ಅಲ್ಲ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ. ನೀವೇ ಮೊದಲು ಮಾಡಿ.

ಪ್ರಶ್ನೆ: ಮಂಡ್ಯ. ಮಗಳ ಮದುವೆಗೆ ಇನ್ನು ನಾಲ್ಕು ವರ್ಷ. 80 ಗ್ರಾಂ ಮಾಡಿಸಬೇಕು. ಚಿನ್ನ 10 ಗ್ರಾಂಗೆ ಲಕ್ಷ ಮುಟ್ಟಿತು. ಇಳಿಯುವವರೆಗೆ ಕಾಯಲಾ?

ಉತ್ತರ: ಕಾಯಬೇಡಿ, ಸಾಲ ಮಾಡಿ ಒಟ್ಟಿಗೆ ಕೊಳ್ಳಲೂ ಬೇಡಿ. ನಿಮಗೆ ಬೇಕಾಗಿರುವುದು ರೂಪಾಯಿಯಲ್ಲಿ ಅಲ್ಲ, ಗ್ರಾಂನಲ್ಲಿ. ಹಾಗಾಗಿ ವರ್ಷಕ್ಕೆ 20 ಗ್ರಾಂ ಎಂದು ಇಟ್ಟುಕೊಂಡು ಯುಗಾದಿಗೆ ಐದು, ದಸರೆಗೆ ಐದು ಹೀಗೆ ನಾಣ್ಯ ಸೇರಿಸುತ್ತಾ ಹೋದರೆ ಏರಿದರೂ ಇಳಿದರೂ ನಿಮ್ಮ ನಿದ್ದೆ ಕೆಡುವುದಿಲ್ಲ. ಒಡವೆ ಈಗಲೇ ಮಾಡಿಸಬೇಡಿ, ನಾಲ್ಕು ವರ್ಷದ ಮೇಲೆ ಮಗಳು ಆ ಡಿಸೈನ್ ಒಪ್ಪದಿದ್ದರೆ ಮಜೂರಿ, ವೇಸ್ಟೇಜ್ ಎರಡು ಸಲ ಬೀಳುತ್ತದೆ. ಅಂಗಡಿಯ ತಿಂಗಳ ಕಂತಿನ ಸ್ಕೀಮಿಗೆ ಬ್ಯಾಂಕಿನಂತೆ ಠೇವಣಿ ವಿಮೆ ಇಲ್ಲ, ನೆನಪಿರಲಿ. ಚಿನ್ನ ಯಾವಾಗಲೂ ಏರುತ್ತದೆ ಎನ್ನುವವರಿಗೆ ಒಂದು ಮಾತು: 2012ರಲ್ಲಿ 10 ಗ್ರಾಂಗೆ ಸುಮಾರು 31 ಸಾವಿರ ಇದ್ದದ್ದು 2018ರಲ್ಲೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಪ್ರಶ್ನೆ: ಶಾರ್ಜಾದಲ್ಲಿ ಕೆಲಸ, ಊರು ಕುಂದಾಪುರ. ರೂಪಾಯಿ ಇನ್ನೂ ಬೀಳಲಿ ಎಂದು ಎಂಟು ತಿಂಗಳಿನಿಂದ ದುಡ್ಡು ಕಳಿಸದೆ ಇಟ್ಟುಕೊಂಡಿದ್ದೇನೆ. ಮನೆ ಸಾಲ ಊರಿನಲ್ಲಿದೆ.

ಉತ್ತರ: ಫೆಬ್ರವರಿಯಲ್ಲಿ ಡಾಲರ್‌ಗೆ 87 ದಾಟಿದ್ದು ಮೇ ಶುರುವಿನಲ್ಲಿ 84ರ ಹತ್ತಿರ ಬಂತು. ಫೆಬ್ರವರಿಯಲ್ಲಿ ಯಾಕೆ ಕಳಿಸಲಿಲ್ಲ? ಇನ್ನೂ ಬೀಳಲಿ ಎಂದು ತಾನೆ. ಸಾಲದ ಬಡ್ಡಿ ಮಾತ್ರ ಈ ಎಂಟು ತಿಂಗಳೂ ಓಡಿದೆ. ಸಾಲಕ್ಕೆ ಬೇಕಾದ್ದನ್ನು ಈಗಲೇ ಕಳಿಸಿ ಮಾರಾಯ್ರೆ. ಉಳಿದದ್ದಕ್ಕೆ ಹೊರದೇಶದಲ್ಲಿರುವವರಿಗೆಂದೇ ಇರುವ ಎನ್‌ಆರ್‌ಇ ಎಫ್‌ಡಿ ಇದೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಪ್ರಶ್ನೆ: ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಏನೇ ಮಾಡಿದರೂ ತಿಂಗಳಿಗೆ 500ರ ಮೇಲೆ ಉಳಿಯಲ್ಲ. ಇದನ್ನು ಕೇಳುವುದಕ್ಕೇ ನಾಚಿಕೆ. ಚೀಟಿಗೆ ಹಾಕಲಾ, ಮೊಬೈಲಲ್ಲಿ ಬರುವ ಎಸ್‌ಐಪಿಗೆ ಹಾಕಲಾ?

ಉತ್ತರ: ನಾಚಿಕೆ ಯಾಕಮ್ಮ? ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಅಂತ ಮಾಡಿ, ಏಜೆಂಟರನ್ನು ಮನೆ ಬಾಗಿಲಿಗೆ ಕಳಿಸಿ ದಿನಕ್ಕೆ ಎರಡಾಣೆಯಂತೆ ಕೂಡಿಸುತ್ತಿತ್ತು. ಎರಡಾಣೆ ಕೊಡುವವರನ್ನು ನಂಬಿಯೇ ಆ ಬ್ಯಾಂಕ್ ಬೆಳೆದದ್ದು.

ನಿಮ್ಮ 500ಕ್ಕೆ ಈಗಲೇ ಷೇರು ಬೇಡ. ಮಗುವಿಗೆ ಜ್ವರ ಬಂದರೆ, ಒಂದು ತಿಂಗಳು ಕೆಲಸ ಇಲ್ಲದಿದ್ದರೆ ಆ ದುಡ್ಡು ನಾಳೆಯೇ ಬೇಕಾಗಬಹುದು. ನೋಂದಣಿ ಇಲ್ಲದ ಚೀಟಿಯೂ ಬೇಡ, ನಡೆಸುವವರು ಎಷ್ಟೇ ಪರಿಚಯವಿರಲಿ. ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ಮಾಡಿ. 2025ರ ಮೇನಲ್ಲಿ ಶೇ 6.7 ಬಡ್ಡಿ. ತಿಂಗಳಿಗೆ 500ರಂತೆ ಐದು ವರ್ಷಕ್ಕೆ ನೀವು ಕಟ್ಟುವುದು 30 ಸಾವಿರ, ಬರುವುದು ಸುಮಾರು 35,600. ಒಂದು ವರ್ಷ ಸರಿಯಾಗಿ ಕಟ್ಟಿದ ಮೇಲೆ, ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲವೂ ಸಿಗುತ್ತದೆ, ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಕಾಗಿಲ್ಲ.

ಆಧಾರ್, ಪ್ಯಾನ್, ಎರಡು ಫೋಟೊ ತಗೊಂಡು ಹೋಗಿ. ತಿಂಗಳ 15ರ ಒಳಗೆ ತೆರೆದರೆ ಮುಂದಿನ ಕಂತುಗಳನ್ನೂ ಪ್ರತಿ ತಿಂಗಳು 15ರ ಒಳಗೆ ಕಟ್ಟಬೇಕು, 15 ದಾಟಿ ತೆರೆದರೆ ತಿಂಗಳ ಕೊನೆಯವರೆಗೆ ಸಮಯ ಇರುತ್ತದೆ. ನಿಮಗೆ ಸಂಬಳ ಆಗುವುದು 7ಕ್ಕೆ ಎಂದು ಬರೆದಿದ್ದೀರಿ, ಹಾಗಾಗಿ 8ನೇ ತಾರೀಖು ಹೋಗಿ ತೆರೆಯಿರಿ.